ಬಾಬ್ ಕಟ್ ಮಾಡಿಸಿಕೊಂಡ ಮೋಟರ್‌ಸೈಕಲ್ಲು

‘ಬಾಬ್ ಕಟ್’ ಎಂಬ ಮಾತು ನಮ್ಮ ಮನೆಗಳಿಗೆ ಹೊಸದಲ್ಲ. ಉದ್ದ ಜಡೆಯ ಹುಡುಗಿ ಒಂದು ದಿನ ಕಿವಿಯ ಮಟ್ಟಕ್ಕೆ ಕೂದಲು ಕತ್ತರಿಸಿಕೊಂಡು ಬಂದರೆ ಅಜ್ಜಿ ಎರಡು ದಿನ ಮಾತು ಬಿಡುತ್ತಿದ್ದ ಕಾಲವೊಂದಿತ್ತು. ಇಂಗ್ಲಿಷಿನಲ್ಲಿ ‘ಬಾಬ್’ ಎಂದರೆ ಮೊಟಕಾಗಿ ಕತ್ತರಿಸುವುದು. ಕುದುರೆಯ ಬಾಲ ಮೊಟಕು ಮಾಡಿದರೂ ಅದೇ ಶಬ್ದ. ಈಗ ಆ ಶಬ್ದ ಮೋಟರ್‌ಸೈಕಲ್ ಏರಿ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯ ಹಳ್ಳಿಗಳ ತನಕ ಬಂದಿದೆ. ತಗ್ಗಾದ ಮೈ, ದಪ್ಪ ಟಾಯರು, ಒಬ್ಬರೇ ಕೂಡುವ ಸೀಟು, ಹಿಂದೆ ಅರ್ಧಕ್ಕೇ ನಿಂತುಬಿಟ್ಟ ಮಡ್‌ಗಾರ್ಡು. ಇದರ ಹೆಸರು ‘ಬಾಬರ್’.

ಹೊಸ ಬಾಬರ್ ಕೊಳ್ಳಲು ಎರಡು ಲಕ್ಷ ರೂಪಾಯಿ ಸಾಲದು. ಆದ್ದರಿಂದ ಹಳ್ಳಿಯ ಹುಡುಗರ ಕಣ್ಣು ಸೆಕೆಂಡ್ ಹ್ಯಾಂಡ್ ಗಾಡಿಯ ಮೇಲೆ. ಕಡಲೆ ಅಥವಾ ಹತ್ತಿ ಮಾರಿದ ದುಡ್ಡು ಕೈಗೆ ಬಂದ ವಾರ ಮನೆಯಲ್ಲಿ ಈ ಮಾತು ಎದ್ದೇ ಏಳುತ್ತದೆ. ‘ಗಾಡಿ ಚಲೋ ಅದ’ ಎಂದು ಮಗ ಹೇಳುತ್ತಾನೆ. ‘ಅದರ ಮ್ಯಾಲೆ ಯಾರು ಯಾರು ಕೂಡಬಹುದೋ ತಮ್ಮಾ?’ ಎಂದು ತಂದೆ ಕೇಳುತ್ತಾನೆ. ತಂದೆಯದು ಹಳಬರ ಗೊಣಗಾಟವಲ್ಲ. ಬಾಬರ್ ಎಂಬುದು ಸೇರಿಸಿ ಮಾಡಿದ ಗಾಡಿಯಲ್ಲ, ತೆಗೆದು ಮಾಡಿದ ಗಾಡಿ. ಏನನ್ನು ತೆಗೆದರು, ಯಾರು ತೆಗೆದರು, ತೆಗೆದದ್ದು ಅಲ್ಲಿ ಯಾವ ಕೆಲಸ ಮಾಡುತ್ತಿತ್ತು ಎಂಬ ಮೂರು ಪ್ರಶ್ನೆಗೆ ಉತ್ತರ ಸಿಗದೆ ದುಡ್ಡು ಎಣಿಸಬಾರದು.

ಮೊದಲು ಚರಿತ್ರೆ ನೋಡೋಣ. ಈ ಕತ್ತರಿ ಆಟ ಶುರುವಾದದ್ದು 1930ರ ದಶಕದ ಅಮೆರಿಕದಲ್ಲಿ. ಅಂಗಡಿಯಲ್ಲಿ ಸಿಗುವ ಸಾಧಾರಣ ಮೋಟರ್‌ಸೈಕಲ್ಲುಗಳನ್ನೇ ಓಡಿಸುವ ಪಂದ್ಯಗಳು ಆಗ ಅಲ್ಲಿ ಜನಪ್ರಿಯವಾದವು. ಭಾರ ಕಡಿಮೆಯಾದಷ್ಟೂ ವೇಗ ಹೆಚ್ಚು. ಸವಾರರು ಮುಂದಿನ ಮಡ್‌ಗಾರ್ಡು ಕಿತ್ತು ಹಾಕಿದರು, ಹಿಂದಿನದನ್ನು ಮೊಟಕು ಮಾಡಿದರು, ಬೇಡವೆನಿಸಿದ ಸಾಮಾನು ಬಿಚ್ಚಿಟ್ಟರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆ ತನ್ನಲ್ಲಿ ಉಳಿದ ಹಾರ್ಲೆ ಡೇವಿಡ್‌ಸನ್ ಗಾಡಿಗಳನ್ನು ಅಗ್ಗದ ದರಕ್ಕೆ ಮಾರಿತು. ಮನೆಗೆ ಮರಳಿದ ಸೈನಿಕರು ಅವನ್ನು ಕೊಂಡು ಅದೇ ರೀತಿ ಹಗುರ ಮಾಡಿಕೊಂಡರು. ಎಂದರೆ ಬಾಬರ್ ಹುಟ್ಟಿದ್ದೇ ಸೆಕೆಂಡ್ ಹ್ಯಾಂಡ್ ಗಾಡಿಯಾಗಿ. ಕೈಯಲ್ಲಿ ದುಡ್ಡು ಕಡಿಮೆ ಇದ್ದವರು ಇದ್ದದ್ದರಲ್ಲೇ ಮಾಡಿಕೊಂಡ ಉಪಾಯವದು. ಅವರಿಗೆ ಅಂದ ಆಮೇಲಿನ ಮಾತು. ಎಷ್ಟೋ ವರ್ಷಗಳ ನಂತರ ಕಂಪನಿಗಳೇ ಆ ಅಂದವನ್ನು ಕಾರ್ಖಾನೆಯಲ್ಲಿ ಮಾಡಿ ಮಾರತೊಡಗಿದವು.

ಈ ಕಥೆ ನಮ್ಮ ರಾಜ್ಯಕ್ಕೆ ಬಂದು ಸೇರುವುದು ಮೈಸೂರಿನ ದಾರಿಯಿಂದ. ಜೆಕ್ ದೇಶದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟರ್‌ಸೈಕಲ್ ತಯಾರಿಕೆಯ ಹಕ್ಕು ಕೊಂಡು, ಎರಡೂ ಹೆಸರುಗಳ ಮೊದಲ ಅಕ್ಷರ ಕೂಡಿಸಿ ‘ಜಾವಾ’ ಎಂದು ಹೆಸರಿಟ್ಟ. 1961ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಆ ಗಾಡಿಗಳ ತಯಾರಿಕೆ ಆರಂಭವಾಯಿತು. 1970ರ ದಶಕದಲ್ಲಿ ಅದೇ ಗಾಡಿ ‘ಯೆಜ್ಡಿ’ ಆಯಿತು. ಒಂದು ಸಿಲಿಂಡರು, ಎರಡು ಸೈಲೆನ್ಸರು, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡುವ ಟೂ ಸ್ಟ್ರೋಕ್ ಎಂಜಿನ್ನು. ಕಿಕ್ ಹೊಡೆಯುವುದೂ ಗೇರು ಬದಲಿಸುವುದೂ ಒಂದೇ ಲಿವರಿನಿಂದ. ಮೊದಲ ಸಲ ಹತ್ತಿದವನು ಆ ಲಿವರು ನೋಡಿ ತಬ್ಬಿಬ್ಬಾಗುವುದನ್ನು ನಿಂತು ನೋಡುವುದೇ ಒಂದು ಮೋಜಾಗಿತ್ತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಗಾಡಿಗಳು ಮಾತ್ರ ಇನ್ನೂ ಉಳಿದಿವೆ.

ಜಾವಾ ಹೆಸರು 2018ರ ನವೆಂಬರಿನಲ್ಲಿ ಮತ್ತೆ ಭಾರತದ ಪೇಟೆಗೆ ಬಂತು. ಮಹೀಂದ್ರಾ ಬಂಡವಾಳವಿರುವ ಕ್ಲಾಸಿಕ್ ಲೆಜೆಂಡ್ಸ್ ಅದರ ಹಿಂದಿತ್ತು. ಕಾರ್ಖಾನೆ ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಒಂದು ವರ್ಷದ ನಂತರ, 2019ರ ನವೆಂಬರಿನಲ್ಲಿ, ‘ಪೆರಾಕ್’ ಎಂಬ ಬಾಬರ್ ಗಾಡಿ 1.94 ಲಕ್ಷ ರೂಪಾಯಿಯ ಷೋರೂಮ್ ಬೆಲೆಗೆ ಪೇಟೆಗೆ ಬಂತು. 334 ಸಿಸಿ ಎಂಜಿನ್ನು, ಅದನ್ನು ತಂಪಾಗಿಡಲು ಮುಂದೆ ರೇಡಿಯೇಟರು, ಒಂಟಿ ಸೀಟು. 2022ರಲ್ಲಿ ಜಾವಾ 42 ಬಾಬರ್, 2024ರಲ್ಲಿ ರಾಯಲ್ ಎನ್‌ಫೀಲ್ಡಿನ ಗೋವನ್ ಕ್ಲಾಸಿಕ್ ಬಂದವು. ಇವೇ ಈಗ ಒಂದೊಂದಾಗಿ ಸೆಕೆಂಡ್ ಹ್ಯಾಂಡ್ ಪೇಟೆಗೆ ಇಳಿಯುತ್ತಿವೆ.

ಪೆರಾಕ್ ಎಂಬ ಹೆಸರಿನಲ್ಲಿ ಒಂದು ತಮಾಷೆಯಿದೆ. ಜೆಕ್ ಭಾಷೆಯಲ್ಲಿ ಅದರ ಅರ್ಥ ‘ಸ್ಪ್ರಿಂಗಿನವನು’. ಜರ್ಮನರು ಪ್ರಾಗ್ ನಗರವನ್ನು ಹಿಡಿದುಕೊಂಡಿದ್ದ ಕಾಲದಲ್ಲಿ, ಕಾಲಿಗೆ ಸ್ಪ್ರಿಂಗು ಕಟ್ಟಿಕೊಂಡು ಗೋಡೆಗಳನ್ನೇ ಜಿಗಿದು ಹೋಗುವ ಒಬ್ಬ ಮನುಷ್ಯನ ಕಥೆ ಅಲ್ಲಿನ ಜನರ ಬಾಯಲ್ಲಿತ್ತು. 1946ರಲ್ಲಿ ಹಿಂದಿನ ಗಾಲಿಗೂ ಸ್ಪ್ರಿಂಗು ಇಟ್ಟುಕೊಂಡ ಜಾವಾ 250 ಬಂದಾಗ ಅದಕ್ಕೂ ಆ ಹೆಸರೇ ಅಂಟಿತು. ಆ ಮೂಲ ಪೆರಾಕ್‌ಗೆ ಎರಡೂ ಗಾಲಿಗಳ ಮೇಲೆ ತುಂಬು ಮಡ್‌ಗಾರ್ಡು ಇತ್ತು. ಬಾಬ್ ಕಟ್ ಆದದ್ದು ಅದರ ಮೊಮ್ಮಗನ ಕಾಲಕ್ಕೆ.

ಇರಲಿ. ನಮ್ಮ ಕಡೆ ‘ಬಾಬರ್ ಐತಿ’ ಎಂದು ಮಾರಾಟಕ್ಕೆ ಬರುವ ಗಾಡಿಗಳಲ್ಲಿ ಎರಡು ಜಾತಿ. ಒಂದು, ಕಂಪನಿಯೇ ಲೆಕ್ಕ ಹಾಕಿ ಹಾಗೆ ಮಾಡಿದ್ದು. ಇನ್ನೊಂದು, ಹಳೆಯ ಯೆಜ್ಡಿಯನ್ನೋ ಬುಲೆಟ್ಟನ್ನೋ ಗ್ಯಾರೇಜಿನಲ್ಲಿ ಗ್ಯಾಸ್ ಕಟ್ಟರಿನಿಂದ ಕತ್ತರಿಸಿದ್ದು. ನೋಡಲು ಎರಡೂ ಅಣ್ಣತಮ್ಮಂದಿರಂತೆ. ಆದರೆ ಮೊದಲನೆಯದರಲ್ಲಿ ಸೀಟಿನ ಕೆಳಗಿನ ಚೌಕಟ್ಟು ಭಾರ ಹೊರುವಂತೆ ಮೊದಲೇ ಮಾಡಿರುತ್ತಾರೆ. ಎರಡನೆಯದರಲ್ಲಿ ಭಾರ ಹೊರುತ್ತಿದ್ದ ಕಬ್ಬಿಣವೇ ಹೋಗಿ, ಅಲ್ಲಿ ಒಂದು ವೆಲ್ಡಿಂಗಿನ ಗೆರೆ ಮಾತ್ರ ಇರಬಹುದು. ಮೇಲೆ ಬಣ್ಣ ಬಳಿದರೆ ಅದೂ ಕಾಣದು. ಇನ್ನೊಂದು ನಷ್ಟವೂ ಇದೆ. ಮೈಸೂರಿನ ಆ ಕಾರ್ಖಾನೆಯಿಂದ ಇನ್ನೊಂದು ಯೆಜ್ಡಿ ಹುಟ್ಟಲಾರದು. ಕತ್ತರಿಸದ ಯೆಜ್ಡಿಗೆ ಈಗ ಪ್ರೀತಿಯಿಂದ ದುಡ್ಡು ಕೊಡುವವರಿದ್ದಾರೆ. ಕತ್ತರಿಸಿದ್ದನ್ನು ಮತ್ತೆ ಮೊದಲಿನಂತೆ ಮಾಡುವ ಸಾಮಾನು ಸಿಗುವುದು ಕಷ್ಟ.

ಈಗ ಮಣ್ಣಿನ ಮಾತಿಗೆ ಬರೋಣ. ನವಲಗುಂದ, ಅಣ್ಣಿಗೇರಿ ಎರೆ ಭೂಮಿಯ ನಾಡು. ಕುಂದಗೋಳದಲ್ಲೂ ಎರೆಯೇ ಹೆಚ್ಚು. ಈ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಆದ್ದರಿಂದಲೇ ಇದರ ಮೇಲೆ ಹಾಕಿದ ಡಾಂಬರು ರಸ್ತೆ ವರ್ಷ ತುಂಬುವುದರೊಳಗೆ ಅಲೆ ಅಲೆಯಾಗುವುದು. ತಗ್ಗು ಮೈಯ, ಹಿಂದೆ ಒಂಟಿ ಶಾಕ್ ಅಬ್ಸಾರ್ಬರಿನ ಗಾಡಿಯ ಮೇಲೆ ಆ ಅಲೆಗಳೆಲ್ಲ ನೇರ ಸವಾರನ ಬೆನ್ನಿಗೆ ಬರುತ್ತವೆ.

ಮಳೆ ಬಂದಾಗ ಹೊಲದ ದಾರಿ ಹಿಡಿದರೆ ಎರೆ ಮಣ್ಣು ಟಾಯರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಗಾಲಿ ತಿರುಗದಂತೆ ಹಿಡಿದುಬಿಡುತ್ತದೆ. ಇಳಿದು ಕೋಲಿನಿಂದ ಕೆರೆದು ಮುಂದೆ ಹೋಗುವುದು ಇಲ್ಲಿಯವರಿಗೆ ಗೊತ್ತಿದ್ದದ್ದೇ. ಹಾಗಾದರೆ ಮಡ್‌ಗಾರ್ಡು ತೆಗೆದ ಗಾಡಿ ಈ ಸೀಮೆಗೆ ಹೇಳಿ ಮಾಡಿಸಿದ್ದಲ್ಲವೇ ಎಂದು ಕೇಳಬಹುದು. ಅಲ್ಲ. ತೆಗೆದರೆ ಗಾಲಿಯೇನೋ ತಿರುಗುತ್ತದೆ, ಆದರೆ ಅದು ಎತ್ತಿ ಎಸೆದ ಕೆಸರು ಮುಖಕ್ಕೂ ಎಂಜಿನ್ನಿಗೂ ಬಡಿಯುತ್ತದೆ. ರೇಡಿಯೇಟರಿನ ಸಣ್ಣ ಸಂದುಗಳಲ್ಲಿ ಎರೆ ಮಣ್ಣು ಒಣಗಿ ಕೂತರೆ ಗಾಳಿ ಆಡುವುದಿಲ್ಲ, ಎಂಜಿನ್ನು ಕಾದುಹೋಗುತ್ತದೆ. ಕೆಸರಿನಲ್ಲೇ ಓಡುವ ಪಂದ್ಯದ ಮೋಟರ್‌ಸೈಕಲ್ಲುಗಳನ್ನು ನೋಡಿ: ಅವಕ್ಕೆ ಮುಂದಿನ ಮಡ್‌ಗಾರ್ಡು ಇದೆ, ಗಾಲಿಯಿಂದ ಗೇಣುದ್ದ ಮೇಲೆ ಎತ್ತಿ ಕಟ್ಟಿರುತ್ತಾರೆ, ಅಷ್ಟೇ. ಕಲಘಟಗಿಯ ಕಡೆ ಮಣ್ಣು ಕೆಂಪು, ಅಂಟು ಕಡಿಮೆ. ಆದರೆ ಅದು ಮಲೆನಾಡಿನ ಸೆರಗು. ಅಲ್ಲಿ ಮಳೆ ಜಾಸ್ತಿ, ಹಿಂದಿನ ಗಾಲಿ ಎಸೆದ ನೀರು ಬೆನ್ನ ಮೇಲೇ.

ಹಿಂದಿನ ಮಡ್‌ಗಾರ್ಡು, ಅದರ ಪಕ್ಕದ ಜಾಲರಿ ಇನ್ನೊಂದು ಕೆಲಸವನ್ನೂ ಮಾಡುತ್ತವೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮದ ಪ್ರಕಾರ, ಹಿಂದೆ ಒಬ್ಬರು ಕೂಡಲು ಅವಕಾಶವಿರುವ ಮೋಟರ್‌ಸೈಕಲ್ಲಿಗೆ ಕೈಹಿಡಿಕೆ, ಕಾಲಿಡುವ ಜಾಗ ಮತ್ತು ಹಿಂದಿನ ಗಾಲಿಯ ಅರ್ಧದಷ್ಟಾದರೂ ಮುಚ್ಚುವ ತಡೆ ಇರಲೇಬೇಕು. ಹಿಂದೆ ಕೂತವರ ಬಟ್ಟೆ ಗಾಲಿಗೆ ಸಿಕ್ಕದಿರಲಿ ಎಂದು. ನಾವು ಅದನ್ನು ಸೀರೆ ಗಾರ್ಡು ಎನ್ನುತ್ತೇವೆ. ಒಂಟಿ ಸೀಟಿನ ಬಾಬರ್ ಕೊಂಡು, ಆಮೇಲೆ ಪೇಟೆಯಲ್ಲಿ ಸಿಗುವ ಎರಡನೆಯ ಸೀಟು ಕೂಡಿಸಿ, ಅದರ ಮೇಲೆ ತಾಯಿಯನ್ನೋ ಹೆಂಡತಿಯನ್ನೋ ಸಂತೆಗೆ ಕರೆದೊಯ್ಯುವವರು ಈ ಜಾಲರಿಯ ನೆನಪು ಮಾಡಿಕೊಳ್ಳಬೇಕು. ಗಾಲಿಗೆ ಸೆರಗು ಸುತ್ತಿಕೊಂಡರೆ ಆಗುವ ಅನಾಹುತ ಹೇಳಬೇಕಾಗಿಲ್ಲ. ಆರ್‌ಸಿಯಲ್ಲಿ ಆಸನಗಳ ಸಂಖ್ಯೆ ಎಷ್ಟೆಂದು ಬರೆದಿದೆ ಎಂಬುದನ್ನೂ ನೋಡಬೇಕು.

ಕಾನೂನಿನ ಮಾತು ಬಂದಿತು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ಕಂಪನಿ ಮಾಡಿಕೊಟ್ಟ ಮೂಲ ರೂಪಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಗಾಡಿಯನ್ನು ಕತ್ತರಿಸಿದವನು ಹಿಂದಿನ ಮಾಲೀಕನೇ ಇರಬಹುದು. ರಸ್ತೆಯಲ್ಲಿ ಕೈಗೆ ಸಿಗುವವನು ಈಗಿನವನು.

ಗಾಡಿ ನೋಡಲು ಹಗಲಲ್ಲೇ ಹೋಗಿ, ಗೊತ್ತಿದ್ದ ಮಿಸ್ತ್ರಿಯನ್ನು ಜೊತೆಗೆ ಕರೆದುಕೊಳ್ಳಿ. ಎಂಜಿನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಕಾರಣ ಕೇಳಿ. ಸೀಟು ಬಿಚ್ಚಿಸಿ ಚೌಕಟ್ಟಿನ ವೆಲ್ಡಿಂಗುಗಳನ್ನು ಬೆರಳಿನಿಂದ ಸವರಿ ನೋಡಿ. ಮುಂದಿನ ಫೋರ್ಕಿನಲ್ಲಿ ಎಣ್ಣೆ ಜಿನುಗಿದೆಯೇ, ಹ್ಯಾಂಡಲ್ ತಿರುಗಿಸಿದಾಗ ನಡುವೆ ಕಚ್ಚುತ್ತದೆಯೇ ಪರೀಕ್ಷಿಸಿ. ಬೆಣ್ಣೆಹಳ್ಳ ಉಕ್ಕಿ ಹರಿಯುವ ಸೀಮೆಯಲ್ಲಿ ನೀರಲ್ಲಿ ಮುಳುಗಿ ಎದ್ದ ಗಾಡಿಯೂ ಮಾರಾಟಕ್ಕೆ ಬರಬಹುದು. ಹೆಡ್‌ಲೈಟಿನ ಒಳಗೆ, ವೈರುಗಳ ಸಂದಿಯಲ್ಲಿ ಒಣಗಿದ ಮಣ್ಣು ಕಂಡರೆ ಹಾಗೇ ಮರಳಿ ಬನ್ನಿ. ಹೊಸ ಜಾವಾಗಳ ಎಂಜಿನ್ನಿನ ದೋಷ ಹುಡುಕಲು ಕಂಪ್ಯೂಟರು ಜೋಡಿಸಬೇಕಾಗುತ್ತದೆ. ಆದ್ದರಿಂದ ಅಧಿಕೃತ ಸರ್ವಿಸು ನಿಮ್ಮೂರಿಂದ ಎಷ್ಟು ದೂರವೆಂಬುದೂ ಬೆಲೆಯ ಒಂದು ಭಾಗವೇ.

ಕಾಗದಪತ್ರದಲ್ಲಿ ಚೌಕಾಶಿ ಬೇಡ. ಚಾಸಿ ನಂಬರು, ಎಂಜಿನ್ ನಂಬರು ಆರ್‌ಸಿಗೆ ತಾಳೆಯಾಗಬೇಕು. ವರ್ಗಾವಣೆಗೆ 29 ಮತ್ತು 30ನೆಯ ನಮೂನೆ. ಸಾಲವಿದ್ದ ಗಾಡಿಯಾದರೆ ಅದು ತೀರಿದ್ದಕ್ಕೆ 35ನೆಯ ನಮೂನೆ. ಕೊಲ್ಹಾಪುರ, ಸಾಂಗಲಿಯ ಕಡೆಯಿಂದ ಅಗ್ಗಕ್ಕೆ ಬಂದದ್ದಾದರೆ ಅಲ್ಲಿಯ ನಿರಾಕ್ಷೇಪಣಾ ಪತ್ರ ಬೇಕು, ಕರ್ನಾಟಕದ ತೆರಿಗೆಯನ್ನೂ ಕಟ್ಟಬೇಕು. ಆಗ ಅಗ್ಗ ಎಷ್ಟು ಉಳಿಯಿತೆಂದು ಲೆಕ್ಕ ಹಾಕಿ. ಹದಿನೈದು ವರ್ಷ ದಾಟಿದ ಯೆಜ್ಡಿಯ ನೋಂದಣಿ ನವೀಕರಣವಾಗಿದೆಯೇ ನೋಡಿ. ಮಾರುವವರಿಗೂ ಒಂದು ಮಾತು: ಗಾಡಿ ಕೊಟ್ಟೆ, ದುಡ್ಡು ತಗೊಂಡೆ, ಮುಗಿಯಿತು ಎನ್ನಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕೊಂಡವರು ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಲು 14 ದಿನಗಳೊಳಗೆ ಅರ್ಜಿ ಕೊಡಬೇಕು.

ಇಷ್ಟೆಲ್ಲ ಓದಿ, ಬಾಬರ್ ಕೊಳ್ಳಲೇಬಾರದೇ ಎಂದರೆ, ಹಾಗೇನಿಲ್ಲ. ಮನೆಯಲ್ಲಿ ಇನ್ನೊಂದು ಗಾಡಿ ಇದ್ದು, ಹೊಲಕ್ಕೆ, ಸಂತೆಗೆ, ದವಾಖಾನೆಗೆ ಅದು ಸಾಕಾಗುತ್ತಿದ್ದರೆ, ಹಿಂಗಾರಿನ ಒಣ ಬೆಳಗಿನಲ್ಲಿ ಒಬ್ಬರೇ ಹೋಗಿಬರುವ ಸುಖಕ್ಕೆ ಇದು ಅಡ್ಡಿಯಿಲ್ಲ. ಮನೆಗೆಲ್ಲ ಇದೊಂದೇ ಗಾಡಿ ಎಂದಾದರೆ ಮಾತ್ರ, ತಂದೆ ಕೇಳಿದ ಪ್ರಶ್ನೆಗೆ ಮಗ ಮೊದಲು ಉತ್ತರ ಹೇಳಬೇಕು. ಕತ್ತರಿಸಿದ ಕೂದಲು ಆರು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ, ಅಜ್ಜಿಯ ಸಿಟ್ಟೂ ಇಳಿಯುತ್ತದೆ. ಕತ್ತರಿಸಿದ ಮಡ್‌ಗಾರ್ಡು ಬೆಳೆಯುವುದಿಲ್ಲ.