ಆಪರೇಷನ್ ಆಯ್ತಲ್ಲ, ಮತ್ಯಾಕೆ ಸ್ಕ್ಯಾನ್?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಗೆ ಮದ್ರಸ ಪಾಠಕ್ಕೆಂದೋ ವ್ಯಾಪಾರಕ್ಕೆಂದೋ ಕರಾವಳಿಯಿಂದ ಬಂದು ನೆಲೆಸಿದ ನಮ್ಮವರ ಮನೆಗಳಲ್ಲಿ ಈಗೀಗ ಒಂದು ಪ್ರಶ್ನೆ ಕೇಳಿಬರುತ್ತಿದೆ. "ಉಸ್ತಾದರೇ, ಉಮ್ಮನ ಕಣ್ಣಿನ ಪರದೆ ಆಪರೇಷನ್ ಆಯ್ತು. ಮೊದಲೇ ರಕ್ತ ಓಡೋದನ್ನ ನೋಡುವ ಸ್ಕ್ಯಾನ್ ಮಾಡಿದ್ರು. ಈಗ ಮತ್ತೆ ಅದನ್ನೇ ಮಾಡಿಸಿ ಅಂತಾರೆ. ದುಡ್ಡು ಮಾಡೋ ದಾರಿ ಅಲ್ವಾ ಇದು?" ಬೆಳಗಾವಿಗೋ ಹುಬ್ಬಳ್ಳಿಗೋ ಮಿರಜಿಗೋ ಒಂದು ದಿನದ ಕೆಲಸ ಬಿಟ್ಟು, ಗಾಡಿ ಮಾಡಿಕೊಂಡು ಹೋಗಬೇಕಾದವರು ಹೀಗೆ ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಆ ಎರಡನೇ ಸ್ಕ್ಯಾನ್ ಬಿಟ್ಟರೆ ಮೊದಲನೆಯದಕ್ಕೆ ಕೊಟ್ಟ ದುಡ್ಡಿನ ಅರ್ಧ ಪ್ರಯೋಜನ ಹೋದಂತೆಯೇ.

ಈ ಸೀಮೆಯಲ್ಲಿ ಕಣ್ಣಿನ ಆಪರೇಷನ್ ಅಂದರೆ ಜನರ ಮನಸ್ಸಿಗೆ ಬರುವುದು ಪೊರೆ. ಬೀಳಗಿಯವರಾದ ಡಾ. ಎಂ.ಸಿ. ಮೋದಿ ಊರೂರು ಸುತ್ತಿ ಶಿಬಿರ ಮಾಡಿ 'ಕಣ್ಣು ಕೊಟ್ಟ ಅಣ್ಣ' ಎನಿಸಿಕೊಂಡರು. ಹಾಗಾಗಿ ಪಟ್ಟಿ ಬಿಚ್ಚಿದ ಕೂಡಲೇ ಲೋಕ ಕಾಣಬೇಕು ಎಂಬ ನಿರೀಕ್ಷೆ ಹಳೆಯದು. ಪರದೆಯ ಮಾತೇ ಬೇರೆ. ಪೊರೆ ಕಣ್ಣಿನ ಮುಂಭಾಗದ ಮಸೂರದಲ್ಲಿ ಬರುವುದು. ಪರದೆ, ಅಂದರೆ ರೆಟಿನಾ, ಕಣ್ಣಿನ ಹಿಂಗೋಡೆಗೆ ಅಂಟಿಕೊಂಡಿರುವ ತೆಳು ಪದರ. ಅರಬಿಯಲ್ಲಿ ಅದಕ್ಕೆ 'ಶಬಕಿಯ್ಯ' ಅಂತಾರೆ, ಬಲೆಯಂಥದ್ದು ಎಂದು ಅರ್ಥ. ಆ ಅರಬಿ ವೈದ್ಯ ಗ್ರಂಥಗಳನ್ನು ಲ್ಯಾಟಿನ್ನಿಗೆ ತಂದವರು ಅದೇ ಅರ್ಥ ಇಟ್ಟುಕೊಂಡು ರೆಟಿನಾ ಎಂದರು. ನಮ್ಮ ಮಕ್ಕಳಿಗೆ ಪಾಠದ ನಡುವೆ ಇದನ್ನು ಹೇಳಿದರೆ ಖುಷಿಪಡುತ್ತಾರೆ.

ಈ ಪರದೆಯ ನಡುವೆ ಸುಮಾರು ಐದು ಮಿಲಿಮೀಟರ್ ಅಗಲದ ಜಾಗ ಮ್ಯಾಕುಲ. ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖ ಗುರುತಿಸುವುದು ಎಲ್ಲ ಇಲ್ಲಿಂದ. ಅದರ ನಟ್ಟನಡುವೆ ಅರ್ಧ ಮಿಲಿಮೀಟರಿನಷ್ಟು ಜಾಗದಲ್ಲಿ ರಕ್ತನಾಳವೇ ಇಲ್ಲ. ಬೆಳಕಿಗೆ ಅಡ್ಡ ಬರಬಾರದಲ್ಲ! ಸುತ್ತಲೂ ಕೂದಲಿಗಿಂತ ಸಪೂರ ನಾಳಗಳು ಉಂಗುರದಂತೆ ನಿಂತಿವೆ. ವೈದ್ಯರು ಅಳೆಯುವುದು ಈ ಉಂಗುರವನ್ನೇ.

ವಯಸ್ಸಾದವರಲ್ಲಿ ಮ್ಯಾಕುಲದ ಮೇಲೆ ಕೆಲವೊಮ್ಮೆ ತೆಳು ಪೊರೆಯಂಥದ್ದು ಬೆಳೆದು ಪರದೆಯನ್ನು ಸುಕ್ಕುಗಟ್ಟಿಸುತ್ತದೆ. ಕೆಲವರಿಗೆ, ಅದರಲ್ಲೂ ಅರವತ್ತು ದಾಟಿದ ಹೆಂಗಸರಿಗೆ ಹೆಚ್ಚು, ನಡುವೆ ತೂತು ಬೀಳುತ್ತದೆ. ಮುಸ್‌ಹಫಿನ ಸಾಲು ಡೊಂಕಾಗಿ ಕಾಣುವುದು, ಬಾಗಿಲ ಚೌಕಟ್ಟು ಬಾಗಿದಂತೆ ಕಾಣುವುದು ಇದರ ಗುರುತು. ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಮಾತ್ರ ಗೊತ್ತಾಗುತ್ತದೆ, ಎರಡೂ ತೆರೆದಿದ್ದರೆ ಒಳ್ಳೆಯ ಕಣ್ಣು ಮುಚ್ಚಿಹಾಕುತ್ತದೆ. ತೂತನ್ನು ಆಪರೇಷನ್ನಿನಿಂದ ಮುಚ್ಚಬಹುದೆಂದು ಅಮೆರಿಕದ ಕೆಲ್ಲಿ ಮತ್ತು ವೆಂಡೆಲ್ ತೋರಿಸಿಕೊಟ್ಟದ್ದು 1991ರಲ್ಲಿ. ಅದಕ್ಕೆ ಮೊದಲು ಇದಕ್ಕೆ ಮದ್ದಿಲ್ಲ ಎನ್ನುತ್ತಿದ್ದರು.

ಈಗ ಅಳತೆಗೆ ಬರೋಣ. 1961ರಲ್ಲಿ ಇಂಡಿಯಾನಾದ ನೊವೊಟ್ನಿ, ಆಲ್ವಿಸ್ ಎಂಬ ಇಬ್ಬರು ಕೈಯ ನಾಳಕ್ಕೆ ಹಳದಿ ಬಣ್ಣ ಚುಚ್ಚಿ, ಅದು ಕಣ್ಣಿನ ನಾಳದಲ್ಲಿ ಓಡುವ ಫೋಟೋ ತೆಗೆಯುವ ಬಗೆಯನ್ನು ಪ್ರಕಟಿಸಿದರು. ಅದು ಈಗಲೂ ಇದೆ. ಮೂತ್ರ ಹಳದಿಯಾಗುತ್ತದೆ, ಕೆಲವರಿಗೆ ವಾಕರಿಕೆ ಬರುತ್ತದೆ. ಹೊಸ ಬಗೆಗೆ ಓಸಿಟಿ ಆಂಜಿಯೋಗ್ರಫಿ ಎಂದು ಹೆಸರು. ಇದಕ್ಕೆ ಸೂಜಿ ಬೇಡ. ಗಲ್ಲ ಇಟ್ಟು ಕೂತರೆ ಯಂತ್ರ ಒಂದೇ ಜಾಗವನ್ನು ಮತ್ತೆ ಮತ್ತೆ ಬೆಳಕಿನಿಂದ ನೋಡುತ್ತದೆ. ಎರಡು ನೋಟಗಳ ನಡುವೆ ಕದಲಿದ್ದು ಏನೋ ಅದೇ ರಕ್ತ, ಉಳಿದದ್ದೆಲ್ಲ ಸುಮ್ಮನೆ ನಿಂತಿದೆ. ಹಾಗೆ ನಾಳಗಳ ನಕ್ಷೆ ಬರುತ್ತದೆ. ಒಂದು ಮಾತು: ಇದು ರಕ್ತ ಎಲ್ಲಿ ಓಡುತ್ತಿದೆ ಎನ್ನುತ್ತದೆಯೇ ಹೊರತು ನಿಮಿಷಕ್ಕೆ ಎಷ್ಟು ಎಂದು ನೇರ ಹೇಳುವುದಿಲ್ಲ. ವೇಗದ ಅಂದಾಜು ಕೊಡುವ ಲೇಸರ್ ಯಂತ್ರಗಳೂ ಇವೆ, ಜಪಾನಿನಲ್ಲಿ ಅದರ ಬಳಕೆ ಹೆಚ್ಚು.

ಎರಡು ಸಲ ಯಾಕೆ? ಧೂಪದಾಳದಲ್ಲಿ ಘಟಪ್ರಭೆಗೆ ಕಟ್ಟಿದ ಒಡ್ಡಿನಿಂದ ಎಡದಂಡೆ ಕಾಲುವೆ ಹೊರಡುತ್ತದೆ. ಹೂಳು ತೆಗೆಸಿದ ಮೇಲೆ ಕೊನೆಯ ಹೊಲಕ್ಕೆ ನೀರು ಹೆಚ್ಚಾಯ್ತೋ ಇಲ್ಲವೋ ತಿಳಿಯಬೇಕಾದರೆ ಮೊದಲಿನ ಮಟ್ಟ ಗೊತ್ತಿರಬೇಕಲ್ಲವೇ? ಹಾಗೆಯೇ ಇದು. ಸುಕ್ಕಿನ ಪೊರೆ ಇದ್ದಾಗ ಸುತ್ತಲ ನಾಳಗಳು ಒಳಕ್ಕೆ ಎಳೆಯಲ್ಪಟ್ಟು ನಡುವಿನ ಖಾಲಿ ಜಾಗ ಕಿರಿದಾಗುತ್ತದೆ. ಪೊರೆ ಸುಲಿದ ಮೇಲೆ ಅದು ಸ್ವಲ್ಪ ಅಗಲವಾಗುತ್ತದೆ, ಆದರೆ ಬಹಳ ಮಂದಿಗೆ ಒಳ್ಳೆಯ ಕಣ್ಣಿನಷ್ಟಾಗುವುದಿಲ್ಲ. ತೂತು ಇದ್ದವರಲ್ಲಿ ಇದು ತಿರುಗುಮುರುಗು: ಮೊದಲು ಅಗಲ, ಮುಚ್ಚಿದ ಮೇಲೆ ಕಿರಿದು. ದೃಷ್ಟಿ ತಿಳಿಯಾಗಲು ತಿಂಗಳುಗಳೇ ಬೇಕು.

ಸಕ್ಕರೆ ಕಾಯಿಲೆ ಇರುವವರ ಸಂಗತಿ ಇನ್ನೂ ಸೂಕ್ಷ್ಮ. ಅವರಲ್ಲಿ ಸಪೂರ ನಾಳಗಳೇ ಬತ್ತಿಹೋಗಿರಬಹುದು. ಆಪರೇಷನ್ ಸರಿಯಾಗಿಯೇ ಆಗಿದ್ದರೂ ಬತ್ತಿದ ನಾಳ ಮರಳಿ ಬರುವುದು ಕಷ್ಟ. ಮೊದಲಿನ ನಕ್ಷೆ ನೋಡಿ "ಇಷ್ಟರ ಮಟ್ಟಿಗೆ ಆಸೆ ಇಟ್ಟುಕೊಳ್ಳಿ" ಎಂದು ವೈದ್ಯರು ಹೇಳಬಲ್ಲರು. ಆ ಮಾತನ್ನು ಆಪರೇಷನ್ನಿಗೆ ಮೊದಲೇ ಕೇಳಿ ಪಡೆಯುವುದು ನಮ್ಮ ಹಕ್ಕು. ಆಮೇಲೆ ವೈದ್ಯರ ಮೇಲೆ ಸಿಟ್ಟಾಗುವುದಕ್ಕಿಂತ ಅದೇ ಮೇಲು. ಹಾಗೆಯೇ, ಈ ಆಪರೇಷನ್ ಆದವರಿಗೆ ಒಂದೆರಡು ವರ್ಷದೊಳಗೆ ಪೊರೆ ಬೇಗ ಬರುವುದು ಸಾಮಾನ್ಯ. ಅದನ್ನು ಎಡವಟ್ಟು ಎಂದು ತಿಳಿಯಬೇಡಿ.

ತೂತು ಮುಚ್ಚಲು ಕಣ್ಣಿನೊಳಗೆ ಗ್ಯಾಸ್ ತುಂಬಿದ್ದರೆ ಕೆಲವು ದಿನ ಮುಖ ಕೆಳಗೆ ಮಾಡಿ ಇರಲು ಹೇಳುವುದುಂಟು. ನಮಾಝ್ ಹೇಗೆ ಅಂತ ಹಿರಿಯರು ಕಳವಳಪಡುತ್ತಾರೆ. ಕಾಯಿಲೆಯವರಿಗೆ ಕೂತು, ಸನ್ನೆಯಿಂದ ನಮಾಝ್ ಮಾಡುವ ರಿಯಾಯಿತಿ ದೀನಿನಲ್ಲೇ ಇದೆ. ವುಳೂವಿನ ನೀರು ಕಣ್ಣಿಗೆ ತಾಗಬಾರದೆಂದರೆ ಏನು ಮಾಡಬೇಕೆಂದು ಹತ್ತಿರದ ಉಸ್ತಾದರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಆ ಗ್ಯಾಸ್ ಕರಗಲು ಅದರ ಬಗೆ ನೋಡಿಕೊಂಡು ಎರಡು ವಾರದಿಂದ ಎರಡು ತಿಂಗಳು ಹಿಡಿಯುತ್ತದೆ. ಅಷ್ಟರೊಳಗೆ ವಿಮಾನ ಹತ್ತಿದರೆ ಗ್ಯಾಸ್ ಹಿಗ್ಗಿ ಕಣ್ಣೇ ಹೋಗಬಹುದು. ಉಮ್ರಾ ಟಿಕೆಟ್ ಮಾಡಿಟ್ಟವರು, ಗಲ್ಫಿನ ಮಕ್ಕಳ ಬಳಿ ಹೊರಟವರು ಮುಚ್ಚಿಡದೆ ವೈದ್ಯರಿಗೆ ಹೇಳಿಬಿಡಿ. ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿ ಘಟ್ಟ ಹತ್ತಿ ಗೋಕಾಕಕ್ಕೆ ಮರಳುವವರೂ ಕೇಳಿಯೇ ಹೊರಡಬೇಕು.

ಇನ್ನು ಫೈಲಿನ ವಿಷಯ. ಒಂದು ಕಂಪನಿಯ ಯಂತ್ರದ ಅಂಕಿ ಇನ್ನೊಂದರ ಅಂಕಿಗೆ ಸರಿಯಾಗಿ ಹೊಂದುವುದಿಲ್ಲ. ಆದ್ದರಿಂದ ಮೊದಲ ಸ್ಕ್ಯಾನ್ ಆದಲ್ಲೇ ಎರಡನೆಯದೂ ಆದರೆ ಒಳ್ಳೆಯದು. ಆಗದಿದ್ದರೆ ಮೊದಲಿನ ಪ್ರಿಂಟು, ಸಿಕ್ಕರೆ ಸಿ.ಡಿ. ಕೂಡ, ಉಮ್ಮನ ಜತೆಗೇ ಇರಲಿ. ಹುಕ್ಕೇರಿಯ ಮಗನ ಮನೆಯಿಂದ ಉಳ್ಳಾಲದ ಮಗಳ ಮನೆಗೆ ಹೋಗುವಾಗ ಮಾತ್ರೆಯ ಚೀಲದೊಳಗೇ ಅದನ್ನೂ ಹಾಕಿ ಕಳಿಸಿ.