ನನ್ನ ಹುಬ್ಬಿನ ಗೆರೆ, ಅಮ್ಮನ ಕೆನ್ನೆಯ ಮಡಿಕೆ

“ಯಾಕೆ, ಏನಾದ್ರೂ ಪ್ರಾಬ್ಲಮ್ಮಾ?” ಬೆಳಗಿನ ಮೀಟಿಂಗ್‌ನಲ್ಲಿ ಮ್ಯಾನೇಜರ್ ಹೀಗೆ ಕೇಳಿದ್ದು ಆ ವಾರದಲ್ಲಿ ಮೂರನೇ ಸಲ. ಪ್ರಾಬ್ಲಮ್ ಏನೂ ಇರಲಿಲ್ಲ. ನಾನು ಸುಮ್ಮನೆ ಅವರ ಸ್ಕ್ರೀನ್ ಓದ್ತಾ ಇದ್ದೆ, ಅಷ್ಟೆ. ಆಮೇಲೆ ಕ್ಯಾಮೆರಾದಲ್ಲಿ ನನ್ನ ಮುಖ ನಾನೇ ನೋಡಿಕೊಂಡಾಗ ಗೊತ್ತಾಯ್ತು. ಎರಡು ಹುಬ್ಬಿನ ನಡುವೆ 11 ಅಂತ ಬರೆದ ಹಾಗೆ ಎರಡು ನೆಟ್ಟಗಿನ ಗೆರೆ. ಮೂವತ್ತೊಂದಕ್ಕೇ ಸದಾ ಸಿಡುಕುವವಳ ಮುಖ.

ಹುಬ್ಬು ತಿದ್ದಿಸಿಕೊಳ್ಳುವ ಪಾರ್ಲರ್‌ನಲ್ಲಿ ಇದನ್ನ ಬಾಯಿಬಿಟ್ಟೆ. “ಬೊಟಾಕ್ಸ್ ಯಾಕೆ ಮೇಡಂ, ನಾಲ್ಕು ತಿಂಗಳಿಗೆ ಹೋಗ್ಬಿಡತ್ತೆ. ಫಿಲ್ಲರ್ ಹಾಕಿಸ್ಕೊಳ್ಳಿ, ವರ್ಷ ಬಾಳಿಕೆ. ಈ ತಿಂಗಳು ಆಫರ್ ಇದೆ” ಅಂದರು. ಲೆಕ್ಕ ಸರಿ ಅನ್ನಿಸ್ತು. ಅಡ್ವಾನ್ಸ್ ಕಟ್ಟೋಕೆ ಫೋನೂ ತೆಗೆದೆ. ಮೈಸೂರಿನಿಂದ ಬಂದಿದ್ದ ಅಮ್ಮ ಪಕ್ಕದ ಕುರ್ಚಿಯಲ್ಲಿದ್ದಳು. “ಮುಖಕ್ಕೆ ಸೂಜಿ ಚುಚ್ಚೋರು ಡಾಕ್ಟರ್ ಹೌದೋ ಅಲ್ವೋ, ಅದನ್ನಾದ್ರೂ ಕೇಳಿದ್ಯೇನೆ?” ಅಂದಳು. ಕೇಳಿದೆ. ಅಲ್ಲ.

ಹಾಗಾಗಿ ಜಯನಗರದ ಒಬ್ಬ ಚರ್ಮರೋಗ ತಜ್ಞೆಯ ಹತ್ತಿರ ಹೋದೆವು. ಅಮ್ಮ ಬಂದದ್ದು ಕಾವಲಿಗೆ.

ಡಾಕ್ಟರ್ ಮೊದಲು “ಕೋಪ ಮಾಡ್ಕೊಳ್ಳಿ” ಅಂದರು. ಹುಬ್ಬು ಗಂಟಿಕ್ಕಿದೆ. “ಈಗ ಬಿಡಿ.” ಬಿಟ್ಟೆ. ಗೆರೆ ಮುಕ್ಕಾಲು ಮಾಯ. “ಅಂದ್ರೆ ಇದು ಸ್ನಾಯುವಿನ ಕೆಲಸ, ಚರ್ಮದ್ದಲ್ಲ. ಇದಕ್ಕೆ ಬೊಟಾಕ್ಸ್.” ಬೊಟುಲಿನಮ್ ಟಾಕ್ಸಿನ್ ಅನ್ನೋದು ಬ್ಯಾಕ್ಟೀರಿಯಾದಿಂದ ಬರುವ ವಿಷ. ಅತಿ ಸಣ್ಣ ಪ್ರಮಾಣದಲ್ಲಿ ಚುಚ್ಚಿದರೆ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತೆ. ಸ್ನಾಯು ಬಿಗಿಯಲ್ಲ, ಗೆರೆ ಬೀಳಲ್ಲ. ಇದು ಸೌಂದರ್ಯಕ್ಕೆ ಅಂತ ಹುಟ್ಟಿದ ಔಷಧಿಯೇ ಅಲ್ಲವಂತೆ. 1987ರ ಹೊತ್ತಿಗೆ ಕೆನಡಾದ ಕಣ್ಣಿನ ವೈದ್ಯೆ ಜೀನ್ ಕರುಥರ್ಸ್ ರೆಪ್ಪೆ ಅದುರುವ ರೋಗಿಗಳಿಗೆ ಇದನ್ನು ಕೊಡುತ್ತಿದ್ದಾಗ ಹುಬ್ಬಿನ ಗೆರೆಯೂ ಕರಗಿದ್ದು ಗಮನಕ್ಕೆ ಬಂತು. ಅವರ ಗಂಡ ಚರ್ಮವೈದ್ಯರು, ಮುಂದಿನದು ಅಲ್ಲಿಂದ ಶುರು. ಅಮೆರಿಕದಲ್ಲಿ ಹುಬ್ಬಿನ ಗೆರೆಗೆ ಅನುಮತಿ ಸಿಕ್ಕಿದ್ದು 2002ರಲ್ಲಿ.

ಪಾರ್ಲರ್‌ನ ಫಿಲ್ಲರ್ ಆಫರ್ ಹೇಳಿದೆ. ಡಾಕ್ಟರ್ ಪೆನ್ನು ಕೆಳಗಿಟ್ಟರು. “ಹುಬ್ಬಿನ ನಡುವೆಯಾ?” ಅಲ್ಲಿನ ರಕ್ತನಾಳಗಳಿಗೂ ಕಣ್ಣಿನ ರಕ್ತನಾಳಕ್ಕೂ ಸಂಪರ್ಕ ಇದೆ. ಫಿಲ್ಲರ್ ಜೆಲ್ ನಾಳದೊಳಗೆ ಹೋದರೆ ರಕ್ತ ನಿಲ್ಲಬಹುದು, ಚರ್ಮ ಸಾಯಬಹುದು. ಅಪರೂಪಕ್ಕೆ ದೃಷ್ಟಿಯೇ ಹೋದದ್ದೂ ಇದೆ. ಮುಖದಲ್ಲಿ ಫಿಲ್ಲರ್‌ಗೆ ಅತಿ ಅಪಾಯದ ಜಾಗಗಳಲ್ಲಿ ಅದೂ ಒಂದು. ಆಫರ್‌ನಲ್ಲಿ ಉಳಿಯುತ್ತಿದ್ದ ದುಡ್ಡು ನೆನೆದು ನನಗೆ ಬೆನ್ನು ತಣ್ಣಗಾಯ್ತು.

ಅಷ್ಟರಲ್ಲಿ ಅಮ್ಮ ಮೆಲ್ಲಗೆ, “ಡಾಕ್ಟರೇ, ನನ್ನ ಮುಖಕ್ಕಾದ್ರೆ ಯಾವುದು?”

ನಾನು ತಿರುಗಿ ನೋಡಿದೆ. ಐವತ್ತೆಂಟು ವರ್ಷ. ಫೇಸ್‌ಪ್ಯಾಕ್ ಅಂದ್ರೆ ಕಡಲೆಹಿಟ್ಟು ಅನ್ನೋಳು. ಅಮ್ಮನಿಗೂ ಕನ್ನಡಿ ಇದೆ ಅನ್ನೋದು ನನ್ನ ತಲೆಗೇ ಹೋಗಿರಲಿಲ್ಲ.

ಡಾಕ್ಟರ್ ನಗಲಿಲ್ಲ, ಅದು ನನಗೆ ಇಷ್ಟವಾಯ್ತು. ಅಮ್ಮನ ಮೂಗಿನ ಪಕ್ಕದಿಂದ ಬಾಯಿ ತುದಿವರೆಗಿನ ಮಡಿಕೆ ಮುಟ್ಟಿ ನೋಡಿದರು. ಅಮ್ಮ ಸುಮ್ಮನೆ ಕೂತಾಗಲೂ ಅದು ಹಾಗೇ ಇರತ್ತೆ. ವಯಸ್ಸಾದ ಹಾಗೆ ಕೆನ್ನೆಯ ಕೊಬ್ಬು ಕರಗಿ, ಜಾರಿ, ಮಡಿಕೆ ಆಳವಾಗಿದೆ. ಅಲ್ಲಿ ಬೊಟಾಕ್ಸ್ ಕೊಟ್ಟರೆ ನಗು ಸೊಟ್ಟಗಾಗಬಹುದೇ ಹೊರತು ಮಡಿಕೆ ತುಂಬಲ್ಲ. ಅಲ್ಲಿಗೆ ಫಿಲ್ಲರ್. ಸಾಮಾನ್ಯವಾಗಿ ಹಯಲುರಾನಿಕ್ ಆಸಿಡ್ ಜೆಲ್, ನಮ್ಮ ಚರ್ಮದಲ್ಲೇ ಇರುವ, ನೀರು ಹಿಡಿದಿಟ್ಟುಕೊಳ್ಳುವ ವಸ್ತು. ಆರು ತಿಂಗಳಿಂದ ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬಾಳಿಕೆ ಬರತ್ತೆ. ಸರಿ ಬರದಿದ್ದರೆ ಹಯಲುರಾನಿಡೇಸ್ ಅನ್ನುವ ಕಿಣ್ವ ಚುಚ್ಚಿ ಕರಗಿಸಬಹುದು. ಬೊಟಾಕ್ಸಿಗೆ ಹಾಗೆ ರೋಲ್‌ಬ್ಯಾಕ್ ಇಲ್ಲ. ರೆಪ್ಪೆ ಜೋತುಬಿದ್ದರೆ ಕೆಲವು ವಾರ ಕಾಯಬೇಕು, ತಾನಾಗಿಯೇ ಸರಿಹೋಗತ್ತೆ.

ಆಮೇಲೆ ಪ್ರಶ್ನೆಗಳು. ನನಗೆ: ಬಸುರಿಯೇ, ಸದ್ಯಕ್ಕೆ ಪ್ಲಾನ್ ಇದೆಯೇ, ನರ-ಸ್ನಾಯುವಿನ ಕಾಯಿಲೆ ಇದೆಯೇ? (ಎರಡನೆಯದಕ್ಕೆ ‘ಇಲ್ಲ’ ಅಂದಾಗ ಅಮ್ಮನ ಮುಖ ನೋಡಬೇಕಿತ್ತು.) ಅಮ್ಮನಿಗೆ: ಯಾವ ಮಾತ್ರೆ ತಗೋತೀರಾ? ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದು, ರಕ್ತ ತೆಳುವಾಗುವ ಮಾತ್ರೆ ದಿನಾ ನುಂಗೋದು ಆಗ ಹೊರಬಂತು. ರಕ್ತ ಕಂತಿ ನೀಲಿಗಟ್ಟೋದು ಜಾಸ್ತಿ ಆಗಬಹುದು. “ಇದಕ್ಕೋಸ್ಕರ ನೀವೇ ಮಾತ್ರೆ ನಿಲ್ಲಿಸಬಾರದು ಅಮ್ಮ, ಹೃದಯದ ಡಾಕ್ಟರ್ ಏನಂತಾರೆ ಕೇಳ್ಕೊಂಡು ಬನ್ನಿ.”

ಬೊಟಾಕ್ಸಿಗೆ ಯೂನಿಟ್ ಲೆಕ್ಕ, ಫಿಲ್ಲರ್‌ಗೆ ಮಿಲಿಲೀಟರ್ ಲೆಕ್ಕ. ಫಿಲ್ಲರ್ ರೇಟ್ ಕೇಳಿ ಅಮ್ಮ ಎದ್ದೇಬಿಟ್ಟಳು. “ಅಷ್ಟರಲ್ಲಿ ಒಂದು ಉಂಗುರ ಬರತ್ತೆ. ನಂಗ್ಯಾಕೆ, ಸುಮ್ನೆ ಕೇಳ್ದೆ.”

ನಾನು ಬೊಟಾಕ್ಸ್ ಮಾಡಿಸಿಕೊಂಡೆ. ಸೀಸೆಯನ್ನು ನನ್ನೆದುರೇ ತೆರೆದರು. ಬ್ರ್ಯಾಂಡ್ ಹೆಸರು, ಬ್ಯಾಚ್ ನಂಬರ್, 20 ಯೂನಿಟ್ ಅಂತ ಚೀಟಿಯಲ್ಲಿ ಬರೆಸಿಕೊಂಡೆ. ನೀವು ಹೋದರೂ ಬರೆಸಿಕೊಳ್ಳಿ. ಒಂದು ಬ್ರ್ಯಾಂಡಿನ ಯೂನಿಟ್ಟು ಇನ್ನೊಂದರ ಯೂನಿಟ್ಟಿಗೆ ಸಮ ಅಲ್ಲ, ಬರೀ ಸಂಖ್ಯೆ ನೋಡಿ ರೇಟ್ ಹೋಲಿಸಿದರೆ ಮೋಸ ಹೋಗ್ತೀರಿ. ಐದು ಚುಚ್ಚು, ಇರುವೆ ಕಚ್ಚಿದಷ್ಟು ನೋವು. ನಾಲ್ಕು ಗಂಟೆ ಮಲಗಬೇಡಿ, ಹಣೆ ಉಜ್ಜಬೇಡಿ ಅಂದರು. ಮೊದಲ ಮೂರು ದಿನ ಏನೂ ಆಗದೆ ದುಡ್ಡು ಹೋಯ್ತು ಅಂತ ಬೇಜಾರಾಗಿದ್ದೆ. ಎರಡು ವಾರಕ್ಕೆ, ನಿಜವಾಗಿ ಸಿಟ್ಟು ಬಂದಾಗಲೂ ಹುಬ್ಬು ಗಂಟಿಕ್ಕಲು ಆಗುತ್ತಿರಲಿಲ್ಲ. ಮ್ಯಾನೇಜರ್ ಪ್ರಶ್ನೆ ನಿಂತಿದೆ. ಮೂರು-ನಾಲ್ಕು ತಿಂಗಳಲ್ಲಿ ಗೆರೆ ವಾಪಸ್ ಬರತ್ತೆ. ಆಗ ಮತ್ತೆ ಹೋಗ್ತೀನಾ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.

ಕಳೆದ ಭಾನುವಾರ ಅಮ್ಮನ ಫೋನ್ ಬಂತು. ಊಟ, ಮಳೆ, ಪಕ್ಕದ ಮನೆ ಗೃಹಪ್ರವೇಶ ಎಲ್ಲ ಆದಮೇಲೆ, ದನಿ ಸ್ವಲ್ಪ ತಗ್ಗಿಸಿ ಹೇಳಿದಳು: “ಗುರುವಾರ ಹಾರ್ಟ್ ಡಾಕ್ಟರ್ ಹತ್ರ ಹೋಗಿದ್ನಲ್ಲ, ಆ ವಿಷಯಾನೂ ಕೇಳ್ದೆ. ಚೀಟಿ ಬರ್ಕೊಟ್ಟಿದಾರೆ. ನಿಮ್ಮಪ್ಪಂಗೆ ಹೇಳ್ಬೇಡ.”