ಬೆದರಿದ ಹಸು ಹಾಲು ಇಳಿಸದು



ದಸರಾಕ್ಕೆ ಮುನ್ನ ಮೈಸೂರಿನಲ್ಲಿ ಆನೆ, ಕುದುರೆಗಳಿಗೆ ಕುಶಾಲತೋಪಿನ ಸದ್ದು ಕೇಳಿಸಿ ತಾಲೀಮು ಕೊಡುತ್ತಾರೆ. ನಿಮ್ಮ ಕೊಟ್ಟಿಗೆಯ ಹಸುವಿಗೆ ಆ ತಾಲೀಮಿಲ್ಲ. ಪಟಾಕಿ, ಬೀದಿನಾಯಿ, ಕೂಗಾಟ, ಏಟು, ಯಾವುದಕ್ಕಾದರೂ ಅದು ಬೆದರುತ್ತದೆ.

ಕೆಚ್ಚಲು ತೊಳೆದು ಒರೆಸಿದಾಗ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ, ಸುಮಾರು ಒಂದು ನಿಮಿಷದಲ್ಲಿ ಹಾಲು ಇಳಿಸುತ್ತದೆ. ಹಸು ಬೆದರಿದರೆ ಅದರ ಅನುವೇದನಾ ನರಗಳು ಚುರುಕಾಗಿ, ಮೂತ್ರಪಿಂಡದ ಮೇಲಿರುವ ಗ್ರಂಥಿಯಿಂದ ಅಡ್ರಿನಲಿನ್ ರಕ್ತಕ್ಕೆ ಬರುತ್ತದೆ. ಅದು ಕೆಚ್ಚಲಿನ ರಕ್ತನಾಳಗಳನ್ನು ಬಿಗಿಯುತ್ತದೆ. ಆಕ್ಸಿಟೋಸಿನ್ ಸಾಕಷ್ಟು ತಲುಪುವುದಿಲ್ಲ.

ಇದರಿಂದ ನಷ್ಟ ನಿಮಗೇ. ಕೊನೆಯಲ್ಲಿ ಕರೆಯುವ ಹಾಲಿನಲ್ಲೇ ಫ್ಯಾಟ್ ಹೆಚ್ಚು. ಅದು ಕೆಚ್ಚಲಲ್ಲೇ ಉಳಿದರೆ ಡೇರಿಯಲ್ಲಿ ಫ್ಯಾಟ್ ಕಡಿಮೆ ಬಂದು ದರವೂ ಇಳಿಯುತ್ತದೆ. ಕೆಚ್ಚಲುಬಾವಿನ ಅಪಾಯವೂ ಹೆಚ್ಚು.

ಹಾಲು ಬಿಡಲಿಲ್ಲವೆಂದು ಹೊಡೆದರೆ ಅಡ್ರಿನಲಿನ್ ಇನ್ನಷ್ಟು ಏರುತ್ತದೆ. ಹಸುವನ್ನು ಅರ್ಧ ಗಂಟೆ ಸುಮ್ಮನೆ ಬಿಡಿ. ಮೈ ಸವರಿ, ಕೆಚ್ಚಲು ಮತ್ತೆ ತೊಳೆದು, ಏಳು ನಿಮಿಷದೊಳಗೆ ಕರೆದು ಮುಗಿಸಿ. ದಿನವೂ ಒಬ್ಬರೇ, ಒಂದೇ ಹೊತ್ತಿಗೆ ಕರೆಯಿರಿ. ಆಕ್ಸಿಟೋಸಿನ್ ಚುಚ್ಚುಮದ್ದನ್ನು ನೀವಾಗಿ ಕೊಡಬೇಡಿ. ಎರಡು ಹೊತ್ತೂ ಹಾಲು ಇಳಿಸದಿದ್ದರೆ ಪಶುವೈದ್ಯರಿಗೆ ತೋರಿಸಿ. ಕೆಚ್ಚಲಿನ ನೋವೂ ಕಾರಣವಾಗಿರಬಹುದು.